ಮಲ್ಲಿಗೆಯಾದ ಕಣ್ಣು

ಎಲ್ಲವೂ ಕೆಡಲು ಶುರುವಾದದ್ದು ಶನಿವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ಆಗ ಮನೆಯಲ್ಲಿದ್ದ ನಾವು ನಾಲ್ವರೂ, ಅಕ್ಕ, ಭಾವ, ಅವರ ಮಗಳು, ನಾನು, ನಗುತ್ತಿದ್ದೆವು.

ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ನಲ್ಲಿ ಕಾರಣ. ದೆಹಲಿಯ ಸರೋಜಿನಿ ನಗರದ ಆ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳಗಿನ ನೀರು ಏಳಕ್ಕೆ ನಿಲ್ಲುತ್ತಿತ್ತು. ನೀರು ನಿಂತ ಮೇಲೆ ಭಾವ ಪಂಪು ಆರಿಸಿ, ಬಕೆಟುಗಳಿಗೆ ಮುಚ್ಚಳ ಹಾಕಿ, ಲುಂಗಿಗೆ ಕೈ ಒರೆಸಿಕೊಳ್ಳುತ್ತ ಬಾಲ್ಕನಿಗೆ ಬರುತ್ತಿದ್ದರು. ಮಗಳನ್ನು ಬೆಳಕಿಗೆ ಮುಖಮಾಡಿ ನಿಲ್ಲಿಸಿ, ಕೆಳಗೆ ನೋಡು ಎಂದು ಹೇಳಿ, ಹೆಬ್ಬೆರಳಿನಿಂದ ಅವಳ ಮೇಲಿನ ರೆಪ್ಪೆ ಎತ್ತಿ ಕಣ್ಣಿನ ಬಿಳಿಭಾಗ ನೋಡುತ್ತಿದ್ದರು. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ಪೇಪರು ಓದುತ್ತಾರೆ. ನಮ್ಮಲ್ಲಿ ಕಣ್ಣು ಓದುತ್ತಿದ್ದರು.

ಭಾವನ ಮನೆತನದವರ ಕಣ್ಣು ಹಳದಿ. ಅವರ ಅಪ್ಪನದು, ಇಬ್ಬರು ಸೋದರತ್ತೆಯರದು, ಭಾವನದು, ಈಗ ಹತ್ತು ವರ್ಷದ ಮಗಳದು. ದಾವಣಗೆರೆಯ ನಂಟರ ನಡುವೆ ಅವರಿಗೆ ಅರಿಶಿನಗಣ್ಣಿನವರು ಎಂದೇ ಹೆಸರು. ಅಕ್ಕನ ಮದುವೆಯ ಮಾತುಕತೆಯಲ್ಲಿ ನಮ್ಮ ಅಪ್ಪ ಅಳುಕುತ್ತಲೇ ಈ ವಿಷಯ ಎತ್ತಿದಾಗ ಅವರ ಕಡೆಯ ಹಿರಿಯರೊಬ್ಬರು ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಗಾದೆಯಾಗಿಹೋಯಿತು: "ಕೆಲವರ ಮನೇಲಿ ಮೂಗು ಉದ್ದ ಇರುತ್ತೆ ಸ್ವಾಮಿ. ನಮ್ಮ ಮನೇಲಿ ಕಣ್ಣು ಹಳದಿ." ಅವರ ಮನೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳುವುದೂ ಕಿವಿ ಚುಚ್ಚಿಸಿಕೊಂಡಷ್ಟೇ ಸಾಮಾನ್ಯ. ಭಾವ ಮೂವತ್ತು ದಾಟುವ ಮೊದಲೇ ತೆಗೆಸಿಕೊಂಡಿದ್ದರು.

ಹಳದಿಗೆ ಅವರಲ್ಲಿ ಮೂರು ದರ್ಜೆ. ತಿಳಿಯಾಗಿದ್ದರೆ ನಿಂಬೆ. ಅದಕ್ಕಿಂತ ಹೆಚ್ಚಾದರೆ ಬಾಳೆಹಣ್ಣು. ತೀರಾ ಏರಿದರೆ ಅರಿಶಿನ. ಭಾವ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರು. ಕಡತದ ಮೇಲೆ ಷರಾ ಬರೆಯುವವರ ಗತ್ತಿನಲ್ಲೇ ದಿನಾ ಬೆಳಿಗ್ಗೆ ಘೋಷಿಸುತ್ತಿದ್ದರು: "ಇವತ್ತು ನಿಂಬೆ." ನಿಂಬೆಯಾದರೆ ಸ್ಕೂಲು, ಆಟ, ಎಲ್ಲ ಎಂದಿನಂತೆ. ಬಾಳೆಹಣ್ಣಾದರೆ ಎಣ್ಣೆ ಕಡಿಮೆ. ಅರಿಶಿನವಾದರೆ ಪಥ್ಯ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅರಿಶಿನಕ್ಕೆ ಏರಿತ್ತು. ಬೀದಿಯಲ್ಲಿ ಬೇರೆ ಮಕ್ಕಳಿಗೂ ಕಾಮಾಲೆ ಬಂದಿತ್ತು. ಕೆಳಗಿನ ಮನೆಯ ಪಂಜಾಬಿ ಆಂಟಿ ಮೂಲಂಗಿ ಬೇಯಿಸಿ ಕೊಡಿ, ಕಬ್ಬಿನ ಹಾಲು ಕುಡಿಸಿ ಎಂದರು. ಊರಿನಿಂದ ನೆಲನೆಲ್ಲಿ ಪುಡಿಯ ಪೊಟ್ಟಣ ಬಂತು. ಮೂರು ವಾರ ಹುಡುಗಿ ಉಪ್ಪಿಲ್ಲದ ಗಂಜಿ, ಬೆಂದ ಮೂಲಂಗಿ, ಕಹಿ ಪುಡಿಯ ಮೇಲೆ ಬದುಕಿದಳು. ನಡುವೆ ಸ್ಕೂಲಿನ ಹತ್ತಾರು ಮಕ್ಕಳ ಹಾಗೆ ಇವಳಿಗೂ ಎರಡು ದಿನ ಸಣ್ಣ ಜ್ವರ ಬಂದು ಹೋಯಿತು. ಜ್ವರವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರ ಗಮನವೂ ಕಣ್ಣಿನ ಮೇಲಿತ್ತು.

ಆ ಶನಿವಾರ ಭಾವ ರೆಪ್ಪೆ ಎತ್ತಿದವರು ಎತ್ತಿದಂತೆಯೇ ನಿಂತರು. ಇನ್ನೊಂದು ಕಣ್ಣು ನೋಡಿದರು. ಮತ್ತೆ ಮೊದಲನೆಯದನ್ನು ನೋಡಿದರು.

"ಏನ್ರೀ?" ಎಂದು ಅಕ್ಕ ಅಡುಗೆಮನೆಯಿಂದಲೇ ಕೇಳಿದಳು.

"ಬಾ ಇಲ್ಲಿ. ಮಲ್ಲಿಗೆ."

ಆ ದರ್ಜೆಯ ಹೆಸರನ್ನು ಅವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ. ನಾವು ಓಡಿಹೋಗಿ ನೋಡಿದೆವು. ಹುಡುಗಿಯ ಕಣ್ಣು ನಿಜಕ್ಕೂ ಬಿಳಿಯಾಗಿತ್ತು, ತೊಳೆದಿಟ್ಟ ಪಿಂಗಾಣಿಯ ಹಾಗೆ. ಹುಟ್ಟಿದಂದಿನಿಂದ ಅವಳ ಕಣ್ಣು ಹಾಗಿದ್ದದ್ದೇ ಇಲ್ಲ. ಅಕ್ಕ ದೇವರ ಗೂಡಿನ ಮುಂದೆ ಕೈಮುಗಿದಳು. ಭಾವ ಊರಿಗೆ ಫೋನು ಮಾಡಿ, ನೆಲನೆಲ್ಲಿ ಕೆಲಸ ಮಾಡಿತು ಎಂದು ಗಟ್ಟಿಯಾಗಿ ಹೇಳಿದರು. ಹುಡುಗಿ ಮಾತ್ರ ಕೇಳಿದ್ದು ಒಂದೇ: "ಅಪ್ಪಾ, ತೋ ಅಬ್ ಛೋಲೆ ಭಟೂರೆ?"

"ಛೋಲೆ ಭಟೂರೆ, ಜಿಲೇಬಿ, ಏನು ಬೇಕೋ ಅದು," ಎಂದರು ಭಾವ.

ನಾನು ಅಕ್ಕನ ತಂಗಿ. ಗುಡಗಾಂವಿನ ಒಂದು ಆಫೀಸಿನಲ್ಲಿ ಕೆಲಸ, ಅವರ ಮನೆಯ ಮುಂಗೋಣೆಯಲ್ಲಿ ವಾಸ. ಬಿ.ಎಸ್ಸಿ.ಯಲ್ಲಿ ಜೀವಶಾಸ್ತ್ರ ಓದಿದವಳು. ಆ ಬೆಳಗನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಬಾಲ್ಕನಿಯಲ್ಲಿ ಅದೇ ಎಳೆ ಬಿಸಿಲು, ಪಕ್ಕದ ಬ್ಲಾಕಿನ ಅಂಗಳದಲ್ಲಿ ರಜಾಯಿಯ ಹತ್ತಿ ಹಿಂಜುವವನ ಟಂಯ್ ಟಂಯ್ ಶಬ್ದ, ಭಾವನ ಹೆಬ್ಬೆರಳು, ಆ ಬಿಳಿ. ಮಗುವಿನ ಮೈಯಲ್ಲಿ ರಕ್ತ ತಯಾರಾಗುವುದು ನಿಂತುಹೋಗಿತ್ತು. ಅದನ್ನೇ ನಾವು ಗುಣವೆಂದು ಓದಿಕೊಂಡೆವು.

ಮಾರ್ಕೆಟ್ಟಿನ ಅಂಗಡಿಯಲ್ಲಿ ಭಟೂರೆ ಬಂದಾಗ ಅವಳು ಒಂದರ ಮೂಲೆಯಷ್ಟೇ ಮುರಿದು ತಿಂದಳು. ಮೂರು ವಾರದ ಪಥ್ಯದಿಂದ ಹೊಟ್ಟೆ ಚಿಕ್ಕದಾಗಿದೆ ಎಂದು ಭಾವ ತೀರ್ಮಾನಿಸಿ ಉಳಿದದ್ದನ್ನು ತಾವೇ ಮುಗಿಸಿದರು. ಮರುದಿನ ಕರ್ವಾ ಚೌತ್. ಗಂಡನ ಆಯುಸ್ಸಿಗಾಗಿ ಹೆಂಗಸರು ಚಂದ್ರ ಕಾಣುವವರೆಗೆ ನೀರೂ ಮುಟ್ಟದೆ ಇರುವ ಆ ಹಬ್ಬ ನಮ್ಮದಲ್ಲ. ಅಕ್ಕ ಯಾವತ್ತೂ ಉಪವಾಸ ಹಿಡಿದವಳಲ್ಲ. ನನಗೆ ಆಯುಸ್ಸು ಬೇಡವೇನೇ ಎಂದು ಭಾವ ವರ್ಷವರ್ಷವೂ ರೇಗಿಸುತ್ತಿದ್ದರು. ಆದರೆ ಹಿಂದಿನ ದಿನದ ಮೆಹಂದಿಯನ್ನು ಬಿಟ್ಟವರಲ್ಲ ನಾವು. ಸಂಜೆ ಫುಟ್‌ಪಾತಿನುದ್ದಕ್ಕೂ ಮೋಡಾ ಎಂಬ ಬೆತ್ತದ ಸ್ಟೂಲುಗಳ ಮೇಲೆ ಸಾಲಾಗಿ ಕೂತ ಮೆಹಂದಿಯವರಲ್ಲಿ ಒಬ್ಬಳ ಮುಂದೆ ನಾನೂ ಹುಡುಗಿಯೂ ಒಟ್ಟಿಗೆ ಕೈಚಾಚಿದೆವು. ಒಂದೇ ಕೋನ್, ಒಂದೇ ಹೊತ್ತು, ಒಬ್ಬಳದೇ ಕೈಕೆಲಸ. ಮುಂದೆ ಇದೇ ನಮ್ಮನ್ನು ಕಾಪಾಡಿತು.

ವಾಪಸಾಗುವಾಗ ಅವಳು ಆಟೋದಲ್ಲೇ ನನ್ನ ಭುಜಕ್ಕೊರಗಿದಳು. ನಮ್ಮದು ಮೊದಲ ಮಹಡಿ. ಮೆಟ್ಟಿಲ ನಡುವೆ, ಒಣಗದ ಮೆಹಂದಿಯ ಕೈಗಳನ್ನು ಮುಂದಕ್ಕೆ ಚಾಚಿಕೊಂಡೇ ಕೂತುಬಿಟ್ಟಳು.

"ಚಿಕ್ಕಿ, ಥೋಡಾ ರುಕೋ ನಾ. ನನ್ನ ಹಾರ್ಟು ಓಡ್ತಾ ಇದೆ."

ಭಾವ ಅವಳನ್ನು ಎತ್ತಿಕೊಂಡು, ಮಹಾರಾಣಿಯವರಿಗೆ ಪಲ್ಲಕ್ಕಿ ಬೇಕಂತೆ ಎಂದು ನಗಿಸುತ್ತ ಮೇಲೆ ಹೋದರು. ಕೆಳಗಿನ ಮನೆಯ ಆಂಟಿ ಬಾಗಿಲಲ್ಲೇ ನಿಂತು ಅವಳ ಕಣ್ಣು ನೋಡಿ, ಪೀಲಿಯಾ, ಎಂದರೆ ಕಾಮಾಲೆ, ಇಳಿದ ಮೇಲೆ ನಿತ್ರಾಣ ಇದ್ದೇ ಇರುತ್ತದೆ, ಎರಡು ದಿನ ದಾಳಿಂಬೆ ರಸ ಕೊಡಿ ಎಂದರು. ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನಾವೆಲ್ಲ ಹಾಗೇ ಯೋಚಿಸಿದ್ದೆವು.

ಭಾನುವಾರ ಬೆಳಿಗ್ಗೆ ಅಕ್ಕ ಅವಳ ಕೈಯಿಂದ ಒಣಗಿದ ಮೆಹಂದಿ ಉದುರಿಸಿ, ಸಾಸಿವೆ ಎಣ್ಣೆ ಸವರಿದಳು. ಬಣ್ಣ ಏರಿದ್ದನ್ನು ನೋಡಿ ಮೂವರೂ ಬೆರಗಾದೆವು. ಒಂದೊಂದು ಎಳೆಯೂ, ಒಂದೊಂದು ಚುಕ್ಕಿಯೂ ಕಾಗದದ ಮೇಲೆ ಅಚ್ಚು ಹಾಕಿದಂತೆ ಎದ್ದು ಕಾಣುತ್ತಿತ್ತು. ಮೆಹಂದಿ ಎಷ್ಟು ಕೆಂಪಗೆ ಏರಿದರೆ ಅತ್ತೆ ಅಷ್ಟು ಪ್ರೀತಿ ಮಾಡುತ್ತಾಳೆ ಎಂದು ಇಲ್ಲಿಯವರು ಹೇಳುವುದನ್ನು ಭಾವ ನೆನಪಿಸಿದರು.

"ನನ್ನದು ನೋಡಿ, ನನಗೆ ರಾಕ್ಷಸಿಯಂಥ ಅತ್ತೆಯೇ ಗಟ್ಟಿ," ಎಂದು ನಾನು ನನ್ನ ಅಂಗೈಯನ್ನು ಅವಳ ಅಂಗೈಯ ಪಕ್ಕ ಇಟ್ಟೆ.

ನನ್ನದೂ ಚೆನ್ನಾಗಿಯೇ ಏರಿತ್ತು. ಬಣ್ಣ ಎರಡರಲ್ಲೂ ಒಂದೇ. ಬೇರೆಯಿದ್ದದ್ದು ಬಣ್ಣದ ಹಿಂದಿನ ಚರ್ಮ. ನನ್ನ ಅಂಗೈ ಗುಲಾಬಿ, ಅದಕ್ಕೇ ಮೆಹಂದಿ ಅದರೊಳಗೆ ಬೆರೆತಿತ್ತು. ಅವಳ ಅಂಗೈ ಮೇಣದ ಬತ್ತಿಯ ಹಾಗಿತ್ತು. ಅಂಗೈಯ ಗೆರೆಗಳಲ್ಲಿ ಕೆಂಪು ಎಳ್ಳಷ್ಟೂ ಇರಲಿಲ್ಲ. ನಾನು ಅವಳ ಹೆಬ್ಬೆರಳ ಉಗುರು ಒತ್ತಿ ಬಿಟ್ಟೆ. ಒತ್ತುವ ಮೊದಲೂ ಬಿಳಿ, ಬಿಟ್ಟ ಮೇಲೂ ಬಿಳಿ.

"ಅಕ್ಕಾ, ನಿನ್ನ ಕೈ ಕೊಡು."

ಅಕ್ಕ ಕೊಟ್ಟಳು. ಮೂರು ಕೈಗಳು ಒಂದರ ಪಕ್ಕ ಒಂದು. ಅಕ್ಕನಿಗೆ ನಾನು ವಿವರಿಸಬೇಕಾಗಲಿಲ್ಲ. ಅವಳು ಮಗುವಿನ ಎದೆಗೆ ಕಿವಿಯಿಟ್ಟಳು, ಎದ್ದಳು, ಒಲೆ ಆರಿಸಿದಳು, ಪರ್ಸು ತೆಗೆದುಕೊಂಡಳು. "ರೀ, ಆಟೋ ಕರೀರಿ," ಎಂದಳು. ಭಾವ ಏನೋ ಹೇಳಲು ಬಾಯಿ ತೆರೆದರು. ಅವಳು, "ಕಣ್ಣಲ್ಲ ರೀ. ಕೈ ನೋಡಿ," ಎಂದಳು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆ ದಿನ ಎಲ್ಲೆಲ್ಲೂ ಮೆಹಂದಿಯ ಕೈಗಳೇ. ನರ್ಸುಗಳ ಕೈ, ರೋಗಿಗಳ ಜೊತೆ ಬಂದವರ ಕೈ. ನಮ್ಮನ್ನು ನೋಡಿದ ಡಾಕ್ಟರೂ ನಡುವಯಸ್ಸಿನ ಹೆಂಗಸು. ಬಿಳಿ ಕೋಟಿನ ತೋಳಿನವರೆಗೆ ಅವರಿಗೂ ಬಳ್ಳಿಗಳು. ಉಪವಾಸದಲ್ಲಿದ್ದರು ಎಂಬುದು ಅವರ ಒಣಗಿದ ತುಟಿಯಿಂದಲೇ ತಿಳಿಯುತ್ತಿತ್ತು. ಅವರು ಮೊದಲು ಮಾಡಿದ ಕೆಲಸ ಹುಡುಗಿಯ ಕಣ್ಣು ನೋಡಿದ್ದು. ಆದರೆ ಭಾವನ ಹಾಗಲ್ಲ. ಭಾವ ಮೇಲಿನ ರೆಪ್ಪೆ ಎತ್ತುತ್ತಿದ್ದರು. ಇವರು ಕೆಳಗಿನ ರೆಪ್ಪೆಯನ್ನು ಕೆಳಕ್ಕೆಳೆದರು. ಒಳಮೈ ಕೆಂಪಗಿರಬೇಕು. ಅದು ತೊಳೆದ ಅಕ್ಕಿಯ ಬಣ್ಣಕ್ಕಿತ್ತು.

ಪಕ್ಕೆಲುಬಿನ ಕೆಳಗೆ, ಎಡಕ್ಕೆ, ಬೆರಳಿನಿಂದ ಒತ್ತಿ ನೋಡಿದರು. ಗುಲ್ಮ, ಅಂದರೆ ಸ್ಪ್ಲೀನ್, ಊದಿದೆ ಎಂದರು. ಮೊದಲು ಕಣ್ಣು ಹಳದಿ ಇತ್ತೇ ಎಂದು ಕೇಳಿದರು. ಭಾವ, ಹುಟ್ಟಿದಾಗಿನಿಂದ ಇತ್ತು, ನಿನ್ನೆಯಷ್ಟೇ ವಾಸಿಯಾಯಿತು ಎಂದರು. ಡಾಕ್ಟರು ತಲೆಯೆತ್ತಿ ಭಾವನ ಕಣ್ಣನ್ನೇ ನೋಡಿದರು, ಬಹಳ ಹೊತ್ತು. ಆಮೇಲೆ ಪಿತ್ತಕೋಶದಲ್ಲಿ ಕಲ್ಲಾಗಿತ್ತೇ ಎಂದು ಅವರನ್ನು ಕೇಳಿದರು. ಅದು ನಿಮಗೆ ಹೇಗೆ ಗೊತ್ತು ಎಂದು ಭಾವ ತಬ್ಬಿಬ್ಬಾದರು.

ರಕ್ತದ ವರದಿ ಬೇಗ ಬಂತು. ಹಿಮೋಗ್ಲೋಬಿನ್ ಹನ್ನೆರಡರ ಸುತ್ತ ಇರಬೇಕಾದ ಜಾಗದಲ್ಲಿ ನಾಲ್ಕೂ ಇರಲಿಲ್ಲ. ರಕ್ತ ಈಗಲೇ ಏರಿಸಬೇಕು, ಹೃದಯ ಸೋತರೆ ಕಷ್ಟ ಎಂದು ಡಾಕ್ಟರು ಸುತ್ತುಬಳಸದೆ ಹೇಳಿದರು. ಅಕ್ಕನ ಕೈ ನನ್ನ ಮಣಿಕಟ್ಟನ್ನು ಹಿಡಿದದ್ದು ಇವತ್ತಿಗೂ ಆ ಜಾಗದಲ್ಲಿ ಅನುಭವಕ್ಕೆ ಬರುತ್ತದೆ.

ಭಾವ ಆಗಲೇ ಶರ್ಟಿನ ತೋಳು ಮಡಚುತ್ತಿದ್ದರು. ತನ್ನದೂ ಮಗಳದೂ ಒಂದೇ ಗುಂಪು, ತನ್ನ ರಕ್ತವನ್ನೇ ತೆಗೆದುಕೊಳ್ಳಿ, ಎಷ್ಟು ಬೇಕೋ ಅಷ್ಟು ಎಂದರು. ಡಾಕ್ಟರು ಬೇಡವೆಂದರು. ಭಾವ ಬಿಡಲಿಲ್ಲ. ಅಪ್ಪನ ರಕ್ತಕ್ಕಿಂತ ಬೇರೆಯವರದು ಹೆಚ್ಚೇ ಎಂದು ದನಿ ಏರಿಸಿದರು.

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಭಾಯಿ ಸಾಹಬ್, ಸುಬಹ್ ಸೇ ಪಾನೀ ನಹೀ ಪಿಯಾ ಹೈ ಮೈನೇ. ಬಹಸ್ ಮತ್ ಕೀಜಿಯೇ." ಬೆಳಿಗ್ಗೆಯಿಂದ ನೀರು ಕುಡಿದಿಲ್ಲ, ವಾದ ಮಾಡಿಸಬೇಡಿ. ಆಮೇಲೆ ತಣ್ಣಗೆ, ಒಂದೊಂದೇ ಪದ ಬಿಡಿಸಿ ಹೇಳಿದರು: "ಅವಳಿಗೆ ಇರೋ ತೊಂದರೆ ಬಂದಿರೋದೇ ನಿಮ್ಮ ರಕ್ತದಿಂದ. ನಿಮ್ಮನ್ನ ಬಿಟ್ಟು ಯಾರದಾದರೂ ಕೊಡ್ತೀನಿ."

ಮಡಚಿದ ತೋಳನ್ನು ಭಾವ ಇಳಿಸಲೇ ಇಲ್ಲ. ಹಾಗೇ ಗೋಡೆಗೊರಗಿ ನಿಂತರು. ಬ್ಲಡ್ ಬ್ಯಾಂಕಿಗೆ ಬದಲಿ ರಕ್ತ ಕೊಡಲು ನಾನು ಮಲಗಿದೆ. ಕೆಳಗಿನ ಮನೆಯ ಅಂಕಲ್ಲೂ ಬಂದು ಕೊಟ್ಟರು. ಅವರ ಹೆಂಡತಿ ಮನೆಯಲ್ಲಿ ಅವರ ಆಯುಸ್ಸಿಗೆಂದೇ ಉಪವಾಸ ಕೂತಿದ್ದರು. "ಆಜ್ ಮುಝೇ ಕುಛ್ ನಹೀ ಹೋಗಾ," ಎಂದು ಅವರು ನಗುತ್ತ ಮಂಚ ಹತ್ತಿದರು. ಇವತ್ತು ನನಗೇನೂ ಆಗುವುದಿಲ್ಲ. ಆ ದಿನ ನಮ್ಮವರಲ್ಲಿ ನಕ್ಕವರು ಅವರೊಬ್ಬರೇ.

ಮೊದಲ ಚೀಲದ ಅರ್ಧ ಇಳಿಯುವಷ್ಟರಲ್ಲಿ ಹುಡುಗಿಯ ತುಟಿಗೆ ಬಣ್ಣ ಬಂತು. ಕಣ್ಣಾರೆ ಕಂಡೆ. ಅಕ್ಕ ಅವಳ ಅಂಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಮೆಹಂದಿಯನ್ನೇ ನೋಡುತ್ತ ಕೂತಿದ್ದಳು. ಅಷ್ಟು ಚೆಂದ ಎದ್ದು ಕಾಣುತ್ತಿದ್ದ ಚಿತ್ತಾರ ಮೆಲ್ಲಗೆ ಮಂಕಾಗುತ್ತ ಬಂತು. ಹಿಂದಿನಿಂದ ಗುಲಾಬಿ ಏರುತ್ತಿತ್ತು.

ಎರಡು ದಿನ ಬಿಟ್ಟು ಡಾಕ್ಟರು ನಮ್ಮನ್ನು ತಮ್ಮ ಕೋಣೆಗೆ ಕರೆದರು. ಹುಡುಗಿ ಗಾಲಿಕುರ್ಚಿಯಲ್ಲಿ. ಮೇಜಿನ ಮೇಲೆ ಸೂಕ್ಷ್ಮದರ್ಶಕ. ನಾನು ಜೀವಶಾಸ್ತ್ರದವಳೆಂದು ತಿಳಿದು ಮೊದಲು ನನ್ನನ್ನೇ ಕೂರಿಸಿದರು. ಒಂದು ಗಾಜಿನ ತುಣುಕಿನಲ್ಲಿ ನನ್ನ ರಕ್ತ. ಕಣಗಳು ನಡುವೆ ಹೆಬ್ಬೆರಳಿಂದ ಒತ್ತಿದ ಪೇಡಗಳಂತೆ, ಅಂಚು ಗಾಢ, ನಡು ತಿಳಿ. ಇನ್ನೊಂದರಲ್ಲಿ ರಕ್ತ ಏರಿಸುವ ಮೊದಲು ತೆಗೆದಿಟ್ಟ ಅವಳದು. ಒತ್ತಿದ ಗುರುತೇ ಇಲ್ಲದ ಚಿಕ್ಕ, ಗಟ್ಟಿ, ಗುಂಡು ಉಂಡೆಗಳು. ಮೂರನೆಯದು ಭಾವನದು. ಅದರಲ್ಲೂ ಅವೇ ಉಂಡೆಗಳು. ಅಪ್ಪ ಮಗಳ ಮೂಗು ಹೋಲುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಹೋಲಿಕೆ ಇಷ್ಟು ಆಳಕ್ಕೆ ಇಳಿದಿತ್ತು.

ಈ ವಿಷಯವನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಬೇಕಾದಷ್ಟು ಓದಿದ್ದೇನೆ. ಆ ಡಾಕ್ಟರು ಹೇಳಿದ್ದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಅವರು ಹುಡುಗಿಯನ್ನೇ ನೋಡಿ ಕೇಳಿದರು, ನಿಮ್ಮ ಮನೆಯಲ್ಲಿ ರಜಾಯಿ ಇದೆಯಲ್ಲ, ಅದರ ಮೇಲೆಲ್ಲ ಯಾಕೆ ಹೊಲಿಗೆ ಹಾಕಿರುತ್ತಾರೆ?

"ನಹೀ ತೋ ರೂಯಿ ಇಧರ್ ಉಧರ್ ಹೋ ಜಾಯೇಗೀ," ಎಂದಳು ಅವಳು. ಇಲ್ಲದಿದ್ದರೆ ಹತ್ತಿ ಅತ್ತಿತ್ತ ಆಗುತ್ತದೆ.

ಕೆಂಪು ರಕ್ತಕಣವೂ ಒಂದು ರಜಾಯಿ ಎಂದರು ಡಾಕ್ಟರು. ಹೊರಗಿನ ಬಟ್ಟೆ ಅದರ ಪೊರೆ. ಪೊರೆಯ ಒಳಮೈಗೆ ಪ್ರೋಟೀನಿನ ಒಂದು ಬಲೆ ಹಾಸಿರುತ್ತದೆ. ಬಲೆಯ ಎಳೆಗಳಿಗೆ ಸ್ಪೆಕ್ಟ್ರಿನ್ ಎಂದು ಹೆಸರು. ಅವು ಎಳೆದರೆ ಹಿಗ್ಗುತ್ತವೆ, ಬಿಟ್ಟರೆ ಮರಳುತ್ತವೆ. ಬಲೆಯನ್ನೂ ಬಟ್ಟೆಯನ್ನೂ ಸೇರಿಸುವ ಹೊಲಿಗೆಗೆ ಆಂಕಿರಿನ್ ಮುಂತಾದ ಬೇರೆ ಪ್ರೋಟೀನುಗಳು. ಹೊಲಿಗೆ ಬಿಗಿಯಾಗಿದ್ದರೆ ಕಣ ಚಪ್ಪಟೆ ಇರುತ್ತದೆ, ಬೇಕಾದಂತೆ ಬಾಗುತ್ತದೆ, ಮಡಚಿಕೊಂಡು ತನಗಿಂತ ಕಿರಿದಾದ ಸಂದಿಯಲ್ಲೂ ತೂರಿ, ಆಚೆ ಹೋಗಿ ಮತ್ತೆ ಬಿಚ್ಚಿಕೊಳ್ಳುತ್ತದೆ. ನಿಮ್ಮ ಮನೆತನದಲ್ಲಿ ಈ ಹೊಲಿಗೆಯ ದಾರವೇ ಕಡಿಮೆ. ಹೊಲಿಗೆ ಇಲ್ಲದ ಕಡೆ ಪೊರೆ ಸಣ್ಣ ಸಣ್ಣ ಗುಳ್ಳೆಯಾಗಿ ಕಳಚಿಹೋಗುತ್ತದೆ. ರಜಾಯಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಇಲ್ಲಿ ಬಟ್ಟೆಯೇ ನಷ್ಟವಾಗುತ್ತದೆ. ಒಳಗಿನ ಹತ್ತಿ ಅಷ್ಟೇ ಇದೆ, ಬಟ್ಟೆ ಕಡಿಮೆಯಾಯಿತು. ಆಗ ರಜಾಯಿ ಏನಾಗುತ್ತದೆ?

ಹುಡುಗಿ ಯೋಚಿಸಿ, "ಬಾಲ್," ಎಂದಳು.

ಚೆಂಡು ಮಡಚುವುದಿಲ್ಲ. ಗುಲ್ಮದೊಳಗೆ ರಕ್ತ ಸೋಸುವ ಬಿರುಕುಗಳು ತೀರಾ ಕಿರಿದು. ಚಪ್ಪಟೆ ಕಣ ಅಲ್ಲಿ ನುಸುಳಿ ಹೋಗುತ್ತದೆ. ಗುಂಡು ಕಣ ಸಿಕ್ಕಿಕೊಂಡು ಒಡೆಯುತ್ತದೆ. ಒಡೆದ ಕಣದ ಬಣ್ಣವೇ ಕಣ್ಣಿನ ಹಳದಿ, ಅದೇ ಕೂಡಿ ಪಿತ್ತಕೋಶದ ಕಲ್ಲು. ಇದಕ್ಕೂ ಮಳೆಗಾಲದ ಕಾಮಾಲೆಗೂ ಸಂಬಂಧವಿಲ್ಲ, ಯಕೃತ್ತಿಗೆ ಏನೂ ಆಗಿಲ್ಲ. ಎಲ್ಲರ ಕಣಗಳು ನಾಲ್ಕು ತಿಂಗಳು ಬಾಳಿದರೆ ಇವರವು ಕೆಲವೇ ವಾರ. ಆದರೂ ನಡೆದುಕೊಂಡು ಹೋಗುತ್ತದೆ, ಯಾಕೆಂದರೆ ಮೂಳೆಯೊಳಗಿನ ಮಜ್ಜೆ ಹಗಲಿರುಳು ಹೊಸ ಕಣ ತಯಾರಿಸಿ ಸರಿದೂಗಿಸುತ್ತದೆ. ಆ ಎರಡು ದಿನದ ಸಣ್ಣ ಜ್ವರ ತಂದ ವೈರಾಣು ಹೋಗಿ ಕೂತದ್ದು ಆ ಮಜ್ಜೆಯಲ್ಲಿ. ಒಂದು ವಾರ ತಯಾರಿ ನಿಂತಿತು. ತರಗತಿಯ ಉಳಿದ ಮಕ್ಕಳಿಗೆ ಅದು ಗೊತ್ತೂ ಆಗಲಿಲ್ಲ, ಅವರ ಹಳೆಯ ಕಣಗಳೇ ಸಾಕಿದ್ದವು. ಇವಳ ಹಳೆಯ ಕಣಗಳು ಒಡೆದು ಮುಗಿದವು, ಹೊಸವು ಬರಲಿಲ್ಲ.

"ಒಡೆಯೋಕೆ ಕಣಗಳೇ ಉಳಿದಿರಲಿಲ್ಲ," ಎಂದರು ಡಾಕ್ಟರು. "ಅದಕ್ಕೇ ಕಣ್ಣು ಬೆಳ್ಳಗಾಯ್ತು."

ಹುಡುಗಿ ತನ್ನ ರಜಾಯಿಗೆ ಹೊಲಿಗೆ ಹಾಕಿಸಲು ಆಗುವುದಿಲ್ಲವೇ ಎಂದು ಕೇಳಿದಳು. ದಾರ ಹುಟ್ಟಿನಿಂದಲೇ ಹಾಗೆ, ಅದಕ್ಕೆ ಔಷಧಿಯಿಲ್ಲ, ಆದರೆ ಇಂಥ ರಜಾಯಿ ಹೊದ್ದೇ ಜನ ಅಜ್ಜ ಅಜ್ಜಿಯರಾಗುತ್ತಾರೆ, ನಿನ್ನ ತಾತನನ್ನು ನೋಡು ಎಂದು ಡಾಕ್ಟರು ನಕ್ಕರು. ಮಜ್ಜೆಗೆ ಆಸರೆಯಾಗಿ ದಿನಾ ಫೋಲಿಕ್ ಆಸಿಡ್ ಮಾತ್ರೆ. ಮುಂದೆ ಅಗತ್ಯ ಬಿದ್ದರೆ ಗುಲ್ಮ ತೆಗೆಯುವ ಮಾತು, ಅದಕ್ಕೆ ಮೊದಲು ಲಸಿಕೆಗಳು. ನೆಲನೆಲ್ಲಿ, ಪಥ್ಯ ಎರಡೂ ಬೇಡ. ಮಜ್ಜೆ ಇನ್ನು ಒಂದು ವಾರದೊಳಗೆ ಮತ್ತೆ ಕೆಲಸ ಶುರುಮಾಡಬೇಕು. ಮಾಡಿದರೆ ಗೆದ್ದಂತೆ. ಈ ಜ್ವರ ಒಂದೇ ಮನೆಯ ಇಂಥ ಕಣದವರನ್ನು ಒಬ್ಬರ ಹಿಂದೆ ಒಬ್ಬರಂತೆ ಹಿಡಿಯುವುದುಂಟು, ಆದ್ದರಿಂದ ಅಪ್ಪನ ಮೇಲೂ ಕಣ್ಣಿಡಿ ಎಂದರು. ಒಮ್ಮೆ ಬಂದು ಹೋದವರಿಗೆ ಮಾತ್ರ ಮತ್ತೆ ಬರುವುದಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತೆವು. ಅಲ್ಲಿ ಭಾವ ನಮಗಾರಿಗೂ, ಅಕ್ಕನಿಗೂ, ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಅವರಿಗೊಬ್ಬ ತಮ್ಮನಿದ್ದ. ಆರು ವರ್ಷಕ್ಕೆ ಹೋದ. ಇದ್ದನೆಂಬುದು ನಮಗೆ ತಿಳಿದಿತ್ತು, ಹೇಗೆ ಹೋದನೆಂದು ಯಾರೂ ಹೇಳುತ್ತಿರಲಿಲ್ಲ. ಅಣ್ಣ ತಮ್ಮ ಇಬ್ಬರಿಗೂ ಒಂದೇ ವಾರ ಜ್ವರ ಬಂದಿತ್ತು. ಇಬ್ಬರೂ ಮಂಕಾಗಿ ಮಲಗಿದರು. ಭಾವ ಎದ್ದರು. ತಮ್ಮ ಏಳಲಿಲ್ಲ. ಆ ವಾರವೇ, ಮಗನ ಹಳದಿ ಇಳಿಸಿದ್ದಕ್ಕೆಂದು ನಾಟಿ ವೈದ್ಯರನ್ನು ಮನೆಗೆ ಕರೆದು, ಶಾಲು ಹೊದಿಸಿ, ತಾಂಬೂಲ ಕೊಟ್ಟಿದ್ದರಂತೆ.

"ನಮ್ಮಮ್ಮ ಓಣಿಗೆಲ್ಲ ಹೇಳಿ ಬಂದಿದ್ದಳು," ಎಂದರು ಭಾವ. "ನಮ್ಮ ಚಿಕ್ಕೋನ ಕಣ್ಣು ಮಲ್ಲಿಗೆ ಆಯ್ತು ಅಂತ."

ಆ ಪದ ಅವರಿಗೆ ಎಲ್ಲಿಂದ ಬಂದಿತ್ತೆಂದು ಆಗ ನನಗೆ ತಿಳಿಯಿತು. ಎರಡು ದಿನದಿಂದ ಮಡಚಿಯೇ ಇದ್ದ ಅವರ ಶರ್ಟಿನ ತೋಳನ್ನು ಅಕ್ಕ ಇಳಿಸಿ, ಗುಂಡಿ ಹಾಕಿ, ಆ ಕೈಯನ್ನು ಹಿಡಿದುಕೊಂಡಳು. ಆಮೇಲೆ ಹೇಳಿದಳು, "ಹಾಗಾದರೆ ನಿಮಗೆ ಆಗಲೇ ಬಂದು ಹೋಗಿದೆ. ನಿಮಗಿನ್ನು ಬರಲ್ಲ." ತರ್ಕ ಸರಿಯಾಗಿತ್ತು. ಪರೀಕ್ಷೆ ಮಾಡಿಸಿದಾಗಲೂ ಹಾಗೇ ಬಂತು. ಆದರೆ ಭಾವ ತಲೆ ತಗ್ಗಿಸಿಯೇ ಇದ್ದರು.

ಮನೆಗೆ ಬಂದ ಮೇಲೆ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಅಕ್ಕ ಟಾರ್ಚು ಹಿಡಿದು ಎದ್ದೆದ್ದು ಮಗಳ ಉಗುರು ಒತ್ತುತ್ತಿದ್ದಳು. ಅವಳು ಮಲಗಿದ ಮೇಲೆ ಭಾವ. ನಾನು ಮುಂಗೋಣೆಯಲ್ಲಿ ಕಣ್ಣುಮುಚ್ಚಿದರೆ ಸಾಕು, ಆ ಬಾಲ್ಕನಿ, ಆ ಬಿಸಿಲು, ಆ ಬಿಳಿ. ನೀರು ಕುಡಿಯುವ ನೆಪದಲ್ಲಿ ನಾನೂ ಎದ್ದು ಹೋಗಿ ಒಂದು ಉಗುರು ಒತ್ತಿ ಬರುತ್ತಿದ್ದೆ. ಕೊನೆಗೆ ಹುಡುಗಿಯೇ ರೇಗಿದಳು: "ಚಿಕ್ಕಿ, ಮೇರಾ ನೇಲ್ ಹೈ, ಡೋರ್ ಬೆಲ್ ನಹೀ."

ಭಾವ ಬೆಳಗಿನ ಪರೀಕ್ಷೆ ಬಿಡಲಿಲ್ಲ. ಈಗ ಎರಡೂ ರೆಪ್ಪೆ ನೋಡುತ್ತಿದ್ದರು. ಕೆಳಗಿನದು ಕೆಂಪಗಿತ್ತು, ಅದು ಬೇರೆಯವರು ಕೊಟ್ಟ ರಕ್ತದ ಕೆಂಪು. ಮೇಲಿನದು ಇನ್ನೂ ಬಿಳಿ. ಘೋಷಣೆ ಮಾತ್ರ ನಿಂತುಹೋಗಿತ್ತು. ನೋಡಿ, ಸುಮ್ಮನೆ ರೆಪ್ಪೆ ಬಿಟ್ಟು, ಬೂಟು ಹಾಕಿಕೊಳ್ಳಲು ಹೋಗುತ್ತಿದ್ದರು.

ದೀಪಾವಳಿಯ ಹಿಂದಿನ ದಿನ ಆಸ್ಪತ್ರೆಯಿಂದ ವರದಿ ತಂದೆವು. ಹೊಸ ಕಣಗಳು ಕಾಣಿಸಿಕೊಂಡಿವೆ, ಮಜ್ಜೆ ಎದ್ದಿದೆ ಎಂದರು ಡಾಕ್ಟರು. ಅಕ್ಕ ಥ್ಯಾಂಕ್ಸ್ ಹೇಳಿದಳು, ಮನೆಗೆ ಬಂದಳು, ಮತ್ತೆ ಟಾರ್ಚಿಗೆ ಸೆಲ್ ಹಾಕಿದಳು. ಕಾಗದದ ಮೇಲಿನ ಮಾತನ್ನು ಅವಳು ನಂಬಲು ತಯಾರಿರಲಿಲ್ಲ.

ಮರುದಿನ ನರಕ ಚತುರ್ದಶಿಯ ಎಣ್ಣೆನೀರು. ಆ ವರ್ಷ ಚತುರ್ದಶಿಯ ಬೆಳಗು, ದೆಹಲಿಯವರ ದೀವಾಲಿಯ ಸಂಜೆ ಎರಡೂ ಒಂದೇ ದಿನ ಬಂದಿದ್ದವು. ಅಕ್ಕ ಮಗಳ ನೆತ್ತಿಗೆ ಎಣ್ಣೆ ತಟ್ಟಿ, ಆರತಿ ಎತ್ತಿ, ಬಕೆಟಿನ ಬಿಸಿನೀರು ಸುರಿದಳು. ಹುಡುಗಿ ಟವೆಲು ಸುತ್ತಿಕೊಂಡು ಗಡಗಡ ನಡುಗುತ್ತ ಬಾಲ್ಕನಿಯ ಬಿಸಿಲಿಗೆ ಬಂದಳು. ನೀರು ನಿಂತಿತು, ಭಾವ ಪಂಪು ಆರಿಸಿ ಬಂದರು. ಮೊದಲು ಕೆಳರೆಪ್ಪೆ ಎಳೆದರು. ಆಮೇಲೆ ಮೇಲಿನದನ್ನು ಎತ್ತಿದರು. ಎತ್ತಿದವರು ಹಾಗೇ ನಿಂತರು.

ಅಕ್ಕ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ಕೇಳಲಿಲ್ಲ. ನಾನೂ ಕೇಳಲಿಲ್ಲ.

"ನಿಂಬೆ," ಎಂದರು ಭಾವ. ರೆಪ್ಪೆ ಬಿಟ್ಟರು. ಕಡತಕ್ಕೆ ಷರಾ ಬರೆಯುವ ಹಳೆಯ ಗತ್ತಿನಲ್ಲಿ ಇನ್ನೊಮ್ಮೆ ಹೇಳಿದರು. "ಇವತ್ತು ನಿಂಬೆ."

ಒಡೆಯಲು ಕಣಗಳಿದ್ದವು. ಅವಳವೇ, ಹೊಸವು, ಗುಂಡಗಿನವು. ಅಕ್ಕ ಸೌಟನ್ನು ಎಲ್ಲಿಟ್ಟಳೋ, ಓಡಿಬಂದು ಎಣ್ಣೆಗೂದಲಿನ ಮಗಳನ್ನು ಅಪ್ಪಿಕೊಂಡಳು. ಹುಡುಗಿಗೆ ಅವಳ ಸೀರೆಯ ಒದ್ದೆಯದೇ ಚಿಂತೆ.

ಆ ಸಂಜೆ ದೀಪ ಹಚ್ಚಿದೆವು. ಅಟ್ಟದ ಮೇಲಿನ ರಜಾಯಿಗಳನ್ನು ಇಳಿಸಿ ಬಿಸಿಲಿಗೆ ಹಾಕಿದ್ದೆವು, ಅವು ಇನ್ನೂ ಬೆಚ್ಚಗಿದ್ದವು. ಊಟವಾದ ಮೇಲೆ ಸ್ವಲ್ಪ ಹೊತ್ತು ಅಡ್ಡಾಗೋಣ ಎಂದು ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದೆವು. ಇಡೀ ಸರೋಜಿನಿ ನಗರ ಪಟಾಕಿ ಹೊಡೆಯುತ್ತಿತ್ತು. ಕಿಟಕಿಯ ಗಾಜು ನಡುಗುತ್ತಿತ್ತಂತೆ, ಆಂಟಿ ಮಿಠಾಯಿ ಹಿಡಿದು ಬಾಗಿಲು ಬಡಿದು ಬಡಿದು ವಾಪಸು ಹೋದರಂತೆ. ನಮಗೆ ಗೊತ್ತಿಲ್ಲ. ದೆಹಲಿಯ ವರ್ಷದ ಅತಿ ಗದ್ದಲದ ರಾತ್ರಿಯಲ್ಲಿ ನಾವು ನಾಲ್ವರೂ ಒಮ್ಮೆಯೂ ಏಳದೆ ನಿದ್ದೆ ಮಾಡಿದೆವು. ಟಾರ್ಚು ಹತ್ತಲಿಲ್ಲ, ಬಾಲ್ಕನಿ ನನ್ನ ಕಣ್ಣಿಗೆ ಬರಲಿಲ್ಲ.

ಬೆಳಿಗ್ಗೆ ಹಾಲಿನ ಭಯ್ಯಾ ಬೆಲ್ ಒತ್ತಿದಾಗ ನನಗೆ ಎಚ್ಚರವಾಯಿತು. ನೀರು ಬಂದು ನಿಂತೂ ಹೋಗಿತ್ತು, ಬಕೆಟುಗಳೆಲ್ಲ ಖಾಲಿ. ಭಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಅವರ ಎದೆಯ ಮೇಲೆ ಬಾಗಿ, ಮೆಹಂದಿ ಮಾಸಿದ ಪುಟ್ಟ ಹೆಬ್ಬೆರಳಿನಿಂದ ಮಗಳು ಅವರ ಕಣ್ಣಿನ ರೆಪ್ಪೆಗಳನ್ನು ತೆರೆದು ನೋಡುತ್ತಿದ್ದಳು. ಕೆಳಗಿನದು ಮೊದಲು. ಆಮೇಲೆ ಮೇಲಿನದು.

"ನಿಂಬೆ," ಎಂದಳು ನನ್ನತ್ತ ತಿರುಗಿ, ಪಿಸುಗುಟ್ಟುತ್ತ. "ಸೋನೇ ದೋ, ಚಿಕ್ಕಿ. ಮಲಗಲಿ."